ಸದ್ದಿಲ್ಲದೆ ಬದಲಾಗುವ ಪಟ್ಟಿ

ಫೋನು ಹೊಡೆದುಕೊಂಡಾಗ ಎಲ್ಬಿಯೊ ಚಹಾದಂತೆ ಕುಡಿಯುವ ಮಾಟೆ ಸೊಪ್ಪಿನ ಮೇಲೆ ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸುತ್ತಿದ್ದ. ನೀರು ಮೇಜಿನ ಮೇಲೆ ಚೆಲ್ಲಿದ್ದನ್ನೂ ಲೆಕ್ಕಿಸದೆ ರಿಸೀವರ್ ಎತ್ತಿಕೊಂಡ. ಬುಧವಾರ ಬೆಳಿಗ್ಗೆ ಅವನಿಗೆ ಫೋನ್ ಮಾಡುವವರು ಈಗ ಒಬ್ಬರೇ ಉಳಿದಿದ್ದರು.

"ಮಗಾ, ನಿನ್ನ ಫಾರ್ಮು ಇವತ್ತೂ ಮೂಗಿನೇ," ಎಂದರು ಎಲ್ಲರೂ ಗೌರವದಿಂದ ಡೋನ್ಯಾ ಎನ್ನುವ ಮುದುಕಿ ನಿಬಿಯಾ. "ನಮ್ಮ ಸ್ಪೇನಿನವನು ಊರಿನ ಹೆಸರು ಹೇಳ್ತಾನೆ, ಆಮೇಲೆ ಬಾಯಿಗೆ ಬೀಗ ಹಾಕ್ಕೊಂಡು ಕೂತುಬಿಡ್ತಾನೆ."

ಸಕ್ಕರೆ ಕಾಯಿಲೆ ಅವರ ಕಣ್ಣುಗಳನ್ನು ನುಂಗಿ ಈಗ ಕಾಲಿಗೆ ಬಾಯಿ ಹಾಕಿತ್ತು. ಪರದೆಯ ಮೇಲಿನದನ್ನು ಓದಿ ಹೇಳುವ ಧ್ವನಿಯೊಂದನ್ನು ಅಕ್ಕನ ಮಗ ಅವರ ಹಳೇ ಕಂಪ್ಯೂಟರಿಗೆ ಹಾಕಿಕೊಟ್ಟಿದ್ದ. ಆ ಧ್ವನಿ ಮಾತಾಡುತ್ತಿದ್ದುದು ಸ್ಪೇನಿನವರ ರಾಗದಲ್ಲಿ. ಮನೆಯಲ್ಲಿರುವ ಒಬ್ಬನೇ ಗಂಡಸು, ಊಟ ಕೇಳುವುದಿಲ್ಲ, ಗೊರಕೆ ಹೊಡೆಯುವುದಿಲ್ಲ ಎಂದು ಅವರು ನಗುತ್ತಿದ್ದರು. ಅವರಿದ್ದ ಸೌಸಾಲ್ ಎಂಬ ಹಳ್ಳಿಯಿಂದ ಪ್ರತಿ ಗುರುವಾರ ಜಿಲ್ಲಾಡಳಿತದ ವ್ಯಾನು ರೋಗಿಗಳನ್ನು ಪಟ್ಟಣದ ಆಸ್ಪತ್ರೆಗೆ ಕರೆತರುತ್ತಿತ್ತು. ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿಸಿಕೊಳ್ಳಲು ನಿಬಿಯಾ ಅದರಲ್ಲೇ ಬರಬೇಕು. ವ್ಯಾನಿನಲ್ಲಿ ಜಾಗ ಬೇಕಾದರೆ ಹಿಂದಿನ ದಿನ ಜಿಲ್ಲಾಡಳಿತದ ಜಾಲತಾಣದಲ್ಲಿ ಫಾರ್ಮು ತುಂಬಬೇಕು. ಆ ಜಾಲತಾಣವನ್ನು ನೋಡಿಕೊಳ್ಳುವವನು ಎಲ್ಬಿಯೊ.

ಮೊದಲು ಆ ಫಾರ್ಮು ಶುದ್ಧ ಪಾಪಿಯಾಗಿತ್ತು. ಊರು ಆರಿಸಿದರೆ ಇಡೀ ಪುಟ ಒಮ್ಮೆ ಕಣ್ಣು ಮುಚ್ಚಿ ತೆರೆದು, ಅಷ್ಟು ಹೊತ್ತು ಬರೆದದ್ದನ್ನೆಲ್ಲ ನುಂಗಿ ನೀರು ಕುಡಿಯುತ್ತಿತ್ತು. ಜನ ಶಾಪ ಹಾಕಿಕೊಂಡು ಎಲ್ಬಿಯೊಗೆ ಫೋನ್ ಮಾಡುತ್ತಿದ್ದರು. ಬೈಗುಳದಿಂದ ಶುರುವಾದ ಮಾತು ಮಳೆ, ಮೊಮ್ಮಕ್ಕಳು, ಕುರಿಯ ಉಣ್ಣೆಯ ದರ ಎಂದು ಎಲ್ಲೆಲ್ಲೋ ಹೋಗುತ್ತಿತ್ತು. ಇದನ್ನು ನಿಲ್ಲಿಸು ಎಂದು ಮೇಲಧಿಕಾರಿ ಗ್ರಾಸಿಯೇಲ ಅಪ್ಪಣೆ ಮಾಡಿದಳು. ಕಷ್ಟದ ಕೆಲಸವೇನಲ್ಲ. ಜಾಲತಾಣ ಕಟ್ಟಿದ್ದ ಸಿದ್ಧ ವ್ಯವಸ್ಥೆಯಲ್ಲಿ ಫಾರ್ಮಿನ ಒಂದೊಂದು ಭಾಗಕ್ಕೂ ಬುದ್ಧಿ ಹೇಳಬಹುದಿತ್ತು: ಊರು ಬದಲಾದರೆ ನೀನು ಒಳಗಿಂದ ಸದ್ದಿಲ್ಲದೆ ಸರ್ವರ್ ಕಂಪ್ಯೂಟರನ್ನು ಕೇಳು, ಅದು ಕೊಟ್ಟ ಆ ಊರಿನ ವ್ಯಾನ್ ನಿಲ್ದಾಣಗಳ ಪಟ್ಟಿಯನ್ನು ಈ ಚೌಕದೊಳಗೆ ಇಡು, ಪುಟದ ಉಳಿದ ಭಾಗದ ತಂಟೆಗೆ ಹೋಗಬೇಡ. ಎಲ್ಬಿಯೊ ಹೇಳಿದ, ಫಾರ್ಮು ಕೇಳಿತು. ಗ್ರಾಸಿಯೇಲ ಬಿಸ್ಕೋಚೊ ಎಂಬ ಬೇಕರಿ ತಿಂಡಿಯ ಒಂದು ಪೊಟ್ಟಣ ತಂದು ಮೇಜಿನ ಮೇಲಿಟ್ಟು, "ನೋಡು, ನಿಂಗಿನ್ನು ಯಾರ ಕಾಟವೂ ಇಲ್ಲ," ಎಂದಳು.

ಅವಳು ಹೇಳಿದ್ದು ಸುಳ್ಳಾಗಲಿಲ್ಲ. ಮಹಡಿಯ ಆ ಕೋಣೆಯಲ್ಲಿ ಅವನೊಬ್ಬನೇ. ಮನೆಯಲ್ಲೂ ಅಷ್ಟೇ. ಹೆಂಡತಿ ಬಿಟ್ಟು ಹೋಗುವಾಗ ನಾಯಿಯನ್ನೂ ಕರೆದುಕೊಂಡು ಹೋಗಿದ್ದಳು. ಎಲ್ಬಿಯೊ ಹೆಚ್ಚು ಅತ್ತದ್ದು ನಾಯಿಗಾಗಿ. ಫೋನು ಸುಮ್ಮನಾದ ಮೇಲೆ, ಶುಕ್ರವಾರ ಸಂಜೆ ಅಂಗಡಿಯವನೊಡನೆ ಮಾತಾಡಲು ಬಾಯಿ ತೆರೆದರೆ ವಾರವೆಲ್ಲ ಮಾತಾಡದೆ ಗಂಟಲು ಕಟ್ಟಿರುತ್ತಿತ್ತು.

ನಿಬಿಯಾ ಮೊದಲ ಸಲ ಫಾರ್ಮು ಮೂಗಿ ಎಂದಾಗಲೇ ಅವನಿಗೆ ತಪ್ಪು ಹೊಳೆದಿತ್ತು. ಹಿಂದೆ ಪುಟ ಹೊಸದಾಗಿ ಬರುತ್ತಿದ್ದುದರಿಂದ ಸ್ಪೇನಿನವನು ಮೇಲಿಂದ ಕೆಳಗಿನವರೆಗೂ ಓದುತ್ತಿದ್ದ. ಈಗ ಪಟ್ಟಿ ಸದ್ದಿಲ್ಲದೆ ಬದಲಾಗುತ್ತದೆ. ಕಣ್ಣಿದ್ದವರು ಕಾಣುತ್ತಾರೆ, ಓದುವ ಧ್ವನಿಗೆ ಮಾತ್ರ ಯಾರೂ ಸುದ್ದಿ ಮುಟ್ಟಿಸುವುದಿಲ್ಲ. 'ಇಲ್ಲಿ ಏನಾದರೂ ಬದಲಾದರೆ ಗಟ್ಟಿಯಾಗಿ ಹೇಳು' ಎಂಬ ಒಂದು ಸಾಲು ಸೇರಿಸಿದರೆ ಮುಗಿಯಿತು. ಮಾಟೆ ಆರುವುದರೊಳಗೆ ಮಾಡಬಹುದಾದ ಕೆಲಸ. ಎಲ್ಬಿಯೊ ಆ ಕಡತ ತೆರೆದ, ಸಾಲು ಎಲ್ಲಿ ಬರಬೇಕೋ ಅಲ್ಲಿ ಕರ್ಸರ್ ಇಟ್ಟ, ಸ್ವಲ್ಪ ಹೊತ್ತು ನೋಡಿ ಮುಚ್ಚಿದ.

"ತುಂಬಾ ಕಷ್ಟ ಇದೆ, ಡೋನ್ಯಾ. ನೋಡ್ತಾ ಇದೀನಿ," ಎಂದು ಇಂದೂ ಹೇಳಿದ. "ಅಲ್ಲೀವರೆಗೆ ನಿಮ್ಮ ಹೆಸರು ನಾನೇ ಹಾಕ್ತೀನಿ. ಬೇಕರಿ ಹತ್ರ ತಾನೆ?"

"ಇನ್ನೆಲ್ಲಿ? ಬೇಕರಿ ಹತ್ರ. ಬ್ರೆಡ್ಡಿನ ವಾಸನೆ ಹಿಡ್ಕೊಂಡು ಹೋಗಿ ನಿಂತ್ಕೊತೀನಿ. ತಿನ್ನೋ ಹಾಗಿಲ್ಲ, ಮೂಸೋಕೆ ಡಾಕ್ಟರು ಬೇಡ ಅಂದಿಲ್ಲ." ನಿಬಿಯಾ ನಕ್ಕರು. ಆಮೇಲೆ ಕಥೆಗಳು ಶುರುವಾದವು. ಪ್ರಾಯದಲ್ಲಿ ಅವರು ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವರು. ಸೌಸಾಲಿನ ಮದುವೆ, ಜಗಳ, ಕಳ್ಳ ಸಂಬಂಧಗಳೆಲ್ಲ ಅವರ ಕಿವಿಯ ಮೂಲಕವೇ ಹಾದುಹೋಗಿದ್ದವು. "ಇಬ್ಬರಿಗೂ ಮದುವೆ ಮಾತು ಕೊಟ್ಟಿದ್ದ ಆ ಕಟುಕ ಇದ್ನಲ್ಲ..." ಎಂದು ಅವರು ಹೇಳುತ್ತಿದ್ದರೆ ಎಲ್ಬಿಯೊ ಮೇಜಿನ ಮೇಲಿನ ನೀರು ಒರೆಸುತ್ತ, ನಡುನಡುವೆ ಕೆಮ್ಮುತ್ತ, ಕೇಳಿಸಿಕೊಂಡ. ಅವನಿಗೆ ನಾಚಿಕೆಯಾಗುತ್ತಿತ್ತು. ಸಂತೋಷವೂ ಆಗುತ್ತಿತ್ತು, ನಾಚಿಕೆಗಿಂತ ಒಂದು ಹಿಡಿ ಹೆಚ್ಚೇ.

ಮುಂದಿನ ಬುಧವಾರ ಫೋನು ಬರಲಿಲ್ಲ. ಎಲ್ಬಿಯೊ ಊಟಕ್ಕೂ ಏಳಲಿಲ್ಲ. ಬೇಕರಿ ನಿಲ್ದಾಣದ ಯಾದಿಯಲ್ಲಿ ನಿಬಿಯಾ ಹೆಸರಿಲ್ಲದ್ದು ಕಂಡು, ಅಕ್ಕನ ಮಗ ಬಂದು ಕಾರಿನಲ್ಲಿ ಕರೆದೊಯ್ಯುತ್ತಿರಬೇಕೆಂದು ತನಗೆ ತಾನೇ ಹೇಳಿಕೊಂಡ.

ಗುರುವಾರ ಮಧ್ಯಾಹ್ನ ವ್ಯಾನ್ ಚಾಲಕ ಮಿಲ್ಟನ್ ಮೆಟ್ಟಿಲು ಹತ್ತಿ ಬಂದ. ಚಳಿಗೆ ಮೂಗು ಕೆಂಪಾಗಿತ್ತು.

"ಲೋ, ನಿನ್ನ ಯಂತ್ರ ಸರಿ ಇದೆಯಾ? ಆ ಕಣ್ಣಿಲ್ಲದ ಅಜ್ಜಿ ಈ ಸಲ ಹಳ್ಳದ ಸೇತುವೆ ಅಂತ ಹಾಕಿದಾರೆ. ಹೋಗಿ ನೋಡಿದ್ರೆ ಎರಡು ಹಸು ಬಿಟ್ರೆ ನರಪಿಳ್ಳೆ ಇಲ್ಲ. ಬೇಕರಿ ಕಡೆಗೆ ಇವತ್ತು ಯಾರೂ ಇರ್ಲಿಲ್ಲ, ನಾನು ಆ ದಾರೀಲಿ ಹೋಗ್ಲೇ ಇಲ್ಲ."

ಎಲ್ಬಿಯೊಗೆ ಕೂಡಲೇ ಅರ್ಥವಾಯಿತು. ಸೌಸಾಲಿನ ಪಟ್ಟಿಯಲ್ಲಿ ಮೊದಲು ಬರುವುದು ಹಳ್ಳದ ಸೇತುವೆ, ಬೇರೆ ಆರಿಸದಿದ್ದರೆ ಅದೇ ಉಳಿಯುತ್ತದೆ. ಪಟ್ಟಿ ಬದಲಾದದ್ದು ತಿಳಿಯದೆ ಅವರು ಹಾಗೇ ಗುಂಡಿ ಒತ್ತಿದ್ದರು. ಅವನು ಫೋನಿಗೆ ಕೈ ಹಾಕಿದ. ಬಹಳ ಹೊತ್ತು ಹೊಡೆದುಕೊಂಡ ಮೇಲೆ ನಿಬಿಯಾ ಎತ್ತಿದರು.

"ಎಷ್ಟು ಹೊತ್ತು ನಿಂತಿದ್ರಿ?"

"ಬೇಕರಿಯವಳು ಬಾಗಿಲು ಹಾಕೋವರೆಗೆ. ಅವಳೇ ಕೈ ಹಿಡ್ಕೊಂಡು ಮನೆಗೆ ಬಿಟ್ಟಳು. ಕಾಲು ಸ್ವಲ್ಪ ಊದಿದೆ, ನಾಳೆ ನರ್ಸು ಬರ್ತಾಳಂತೆ." ಅವರು ದಣಿದಿದ್ದರು. "ತಪ್ಪು ನಂದೇ, ಮಗಾ. ಹೋದ ವಾರ ನೀನು ಬಹಳ ಕೆಮ್ತಾ ಇದ್ದೆ. ಪಾಪ, ಹುಷಾರಿಲ್ಲದವನಿಗೆ ಯಾಕೆ ತೊಂದರೆ ಕೊಡ್ಲಿ, ನಾನೇ ಮಾಡ್ಕೊಳ್ಳೋಣ ಅಂದ್ಕೊಂಡೆ."

"ತಪ್ಪು ನಿಮ್ಮದಲ್ಲ, ನಂದು."

"ಸುಮ್ನಿರು. ವ್ಯಾನ್ ನೀನು ಓಡಿಸ್ತೀಯಾ?"

ಎಲ್ಬಿಯೊ ಫೋನಿಟ್ಟು, ಕಡತ ತೆರೆದು, ಸಾಲು ಸೇರಿಸಿದ. ಮಿಲ್ಟನ್ ಇನ್ನೂ ಬಾಗಿಲಲ್ಲೇ ನಿಂತು ಕೈ ಉಜ್ಜಿಕೊಳ್ಳುತ್ತಿದ್ದ. ಅವನು ಕೆಳಗಿಳಿದು ಹೋಗುವ ಮೊದಲೇ ಕೆಲಸ ಮುಗಿದಿತ್ತು.

ಎಲ್ಬಿಯೊ ಮತ್ತೆ ಫೋನ್ ಮಾಡಿ, ಲೈನು ಬಿಡದೆ ಫಾರ್ಮು ತೆರೆಯಿರಿ ಎಂದ. ಅವರ ಅಡುಗೆಮನೆಯಲ್ಲಿ ಕುರ್ಚಿ ಎಳೆದ ಸದ್ದು, ಕೀಲಿಗಳ ಸದ್ದು. ಆಮೇಲೆ ಸ್ಪೇನಿನವನು ದೂರದಿಂದ ಗಂಭೀರವಾಗಿ ಹೇಳಿದ್ದು ಕೇಳಿಸಿತು: "ನಿಲ್ದಾಣಗಳ ಹೊಸ ಪಟ್ಟಿ ಬಂದಿದೆ. ಹಳ್ಳದ ಸೇತುವೆ. ಶಾಲೆ. ಬೇಕರಿ."

"ಅಯ್ಯೋ, ಮಾತು ಬಂತಲ್ಲ ಇವನಿಗೆ," ನಿಬಿಯಾ ಮಗುವಿನಂತೆ ನಕ್ಕರು. ನಗು ನಿಂತ ಮೇಲೆ, "ಅಂತೂ ಇನ್ನು ನಿಂಗೆ ಈ ಮುದುಕಿ ಕಾಟ ತಪ್ಪಿತು," ಎಂದರು.

"ಕಾಟ ಏನಿಲ್ಲ," ಎಂದ ಎಲ್ಬಿಯೊ. ಸುಮ್ಮನೆ ಮಾತಾಡಲಿಕ್ಕಾದರೂ ಫೋನ್ ಮಾಡಿ ಎನ್ನಬೇಕೆಂದಿದ್ದ. ತಲೆ ನರೆತ ಗಂಡಸು ಹಾಗೆ ಕೇಳುವುದು ಹೇಗೆ?

"ಸರಿ ಮಗಾ, ಲೈನ್ ಬಿಡ್ತೀನಿ."

ಮರುವಾರ ಅವರ ಹೆಸರು ತಾನಾಗಿಯೇ ಬೇಕರಿಯ ಯಾದಿಯಲ್ಲಿ ಬಂದು ಕೂತಿತು. ಫೋನು ತೆಪ್ಪಗಿತ್ತು. ಎಲ್ಬಿಯೊ ಗ್ರಾಸಿಯೇಲಳಿಗೆ ರಜೆ ಹೇಳಿ, ಗುರುವಾರ ಮೊದಲ ಬಸ್ಸಿಗೆ ಸೌಸಾಲಿಗೆ ಹೋದ. ಎದುರಿಗೆ ನಿಂತು ಎಲ್ಲ ಹೇಳಿಬಿಡಬೇಕು, ಬೈದರೆ ಬೈಸಿಕೊಳ್ಳಬೇಕು. ದಾರಿಯುದ್ದಕ್ಕೂ ಆ ಮಾತನ್ನೇ ಮನಸ್ಸಿನಲ್ಲಿ ಉರು ಹೊಡೆದ.

ಬೇಕರಿಯ ಗೋಡೆಗೆ ಬೆನ್ನು ಕೊಟ್ಟು ಅವರು ನಿಂತಿದ್ದರು. ಅವನು ಅಂದುಕೊಂಡಿದ್ದಕ್ಕಿಂತ ಬಹಳ ಗಿಡ್ಡ. ಪಟ್ಟಿ ಸುತ್ತಿದ ಕಾಲಿಗೆ ಯಾವುದೋ ಗಂಡಸಿನ ದೊಡ್ಡ ಚಪ್ಪಲಿ. ರಸ್ತೆಯೆಲ್ಲ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾಗಿದ್ದರೂ ಗೋಡೆಯ ಆ ತುಂಡಿಗೆ ಮಾತ್ರ ಎಳೆಬಿಸಿಲು ಬಿದ್ದಿತ್ತು.

ಅವನು ಹತ್ತಿರ ಬಂದು ನಿಂತ. ನಿಬಿಯಾ ತಲೆ ಓರೆ ಮಾಡಿದರು.

"ವ್ಯಾನಿಗಾ? ಬನ್ನಿ, ಈ ಕಡೆ ಬಿಸಿಲಿದೆ," ಎನ್ನುತ್ತ ಗೋಡೆಗುಂಟ ಒಂದು ಗೇಣು ಸರಿದು ಜಾಗ ಬಿಟ್ಟರು. ಎಲ್ಬಿಯೊ ಹೋಗಿ ನಿಂತ. ಬಾಯಿ ತೆರೆದರೆ ದನಿಯಿಂದಲೇ ಗುರುತು ಸಿಕ್ಕಿಬಿಡುತ್ತದೆ.

"ಫಾರ್ಮು ತುಂಬಿ ಬಂದ್ರಾ? ಮೊದಲು ಅದು ನನ್ನಂಥೋರಿಗೆ ಆಗ್ತಾ ಇರ್ಲಿಲ್ಲ," ಅವರು ಪರಿಚಯವಿಲ್ಲದವರೊಡನೆ ಹರಟುವ ಸಲಿಗೆಯಿಂದ ಹೇಳಿದರು. "ಆಫೀಸಿನಲ್ಲಿ ಒಬ್ಬ ಹುಡುಗ ಇದಾನೆ. ಪಾಪ, ನನ್ನೊಬ್ಬಳಿಗೋಸ್ಕರ ಎಷ್ಟು ವಾರ ಅದರ ಮೇಲೇ ಒದ್ದಾಡಿದ. ಬೇರೆಯವರಾಗಿದ್ರೆ ಯಾರು ಮಾಡ್ತಿದ್ರು ಹೇಳಿ?"

ಮೂಲೆ ತಿರುಗಿ ವ್ಯಾನು ಬಂದು ನಿಂತಿತು. ಮಿಲ್ಟನ್ ಇಳಿದು, ಅವನನ್ನು ಕಂಡು ಹುಬ್ಬೇರಿಸಿದ. ಎಲ್ಬಿಯೊ ತುಟಿಯ ಮೇಲೆ ಬೆರಳಿಟ್ಟ.

ನಿಬಿಯಾ ಮಿಲ್ಟನ್ನನ ತೋಳು ಹಿಡಿದು ಮೆಟ್ಟಿಲು ಹತ್ತಿದರು. ಹತ್ತಿ, ಗೋಡೆಯ ಕಡೆಗೆ ಮುಖ ತಿರುಗಿಸಿದರು.

"ನೀವು ಬರಲ್ವಾ?"

ಸ್ವಲ್ಪ ಹೊತ್ತು ಕಾದು ಅವರು ಒಳಗೆ ಹೋಗಿ ಕುಳಿತರು. ಬಾಗಿಲು ಮುಚ್ಚಿತು, ವ್ಯಾನು ಹೊರಟಿತು. ಎಲ್ಬಿಯೊ ಗೋಡೆಯ ಬಳಿಯೇ ನಿಂತಿದ್ದ, ಅವರು ಬಿಟ್ಟುಕೊಟ್ಟಿದ್ದ ಗೇಣಗಲದ ಬಿಸಿಲಿನಲ್ಲಿ.