ತಲೆ ಕಡಿದ ಬಾಳೆ

ದೋಣಿಯಿಂದ ಇಳಿದವಳೇ ಲೇಮಾರಾ ಮನೆಗೂ ಹೋಗದೆ ಗುಡ್ಡದ ತೋಟಕ್ಕೆ ಏರಿದಳು. ತವರಿನಲ್ಲಿ ಸಾವಿನ ಊಟಕ್ಕೆಂದು ಹೋಗಿ ಉಳಿದಿದ್ದವಳನ್ನು ಬೆಳಗಿನ ರೇಡಿಯೋ ಎಬ್ಬಿಸಿ ಕಳಿಸಿತ್ತು: ಚಂಡಮಾರುತ ಸಂಜೆಯೊಳಗೆ ದ್ವೀಪ ಮುಟ್ಟಲಿದೆ. ಬಾಳೆಯ ತಲೆ ಸವರಬೇಕು, ಮರಗೆಣಸಿನ ಕಡ್ಡಿ ಕಡಿಯಬೇಕು. ಬಿಟ್ಟರೆ ಗಾಳಿ ಕಡ್ಡಿಯನ್ನೇ ಹಿಡಿದು ಅಲ್ಲಾಡಿಸಿ ಗೆಡ್ಡೆಯನ್ನು ಸಡಿಲಿಸಿ ಕೊಳೆಸುತ್ತದೆ. ತೋಟ ಹೋದರೆ ಅವಳಿಗೂ ಅತ್ತೆಗೂ ಮುಂದಿನ ಬೆಳೆಯವರೆಗೆ ಉಣ್ಣಲು ಬೇರೇನೂ ಇಲ್ಲ.

ತೋಟದ ಬಾಯಲ್ಲಿ ಅವಳ ಕಾಲು ನಿಂತುಬಿಟ್ಟಿತು. ಬಾಳೆಗಳ ತಲೆ ಆಗಲೇ ಹೋಗಿತ್ತು. ಗೆಣಸಿನ ಕಡ್ಡಿಗಳೆಲ್ಲ ಮೊಣಕಾಲೆತ್ತರಕ್ಕೆ ಕಡಿದು ಬಿದ್ದಿದ್ದವು. ಹೊಗುವ ದಾರಿಯ ನಡುವೆ ಈಚಲಿನಂಥ ನಮೆಲೆ ಗಿಡದ ಒಂದು ಗರಿ ನೆಟ್ಟಿತ್ತು. ನಮೆಲೆ ನೆಟ್ಟಲ್ಲಿ ಕಾಲಿಡುವಂತಿಲ್ಲ. ದಾಟಿದವರು ಊರ ಹಿರಿಯನಿಗೆ ಹಂದಿ ತೆರಬೇಕು. ಕೀಳುವುದಾದರೆ ನೆಟ್ಟವರೇ ಕೀಳಬೇಕು.

ಅಂಚಿನಲ್ಲಿದ್ದ ಬಾಳೆಯತ್ತ ಬಗ್ಗಿ ನೋಡಿದಳು. ಸೊನೆ ಒಣಗಿ ಕಪ್ಪಾಗಿತ್ತು. ಇಂದಿನದಲ್ಲ. ರೇಡಿಯೋ ಬಾಯಿ ಬಿಡುವ ಮೊದಲೇ ಯಾರಿಗೆ ಗೊತ್ತಿತ್ತು ಗಾಳಿಯ ಸುದ್ದಿ? ಇದು ಗಾಳಿಗೆಂದು ಕಡಿದದ್ದಲ್ಲ, ಹೊಟ್ಟೆಕಿಚ್ಚಿಗೆ ಕಡಿದದ್ದು.

ಕಡಿದವಳಾರು ಎಂದು ಯಾರನ್ನೂ ಕೇಳಬೇಕಿರಲಿಲ್ಲ. ಈ ತೋಟ ಯಾವ ಮಗನಿಗೆಂದು ಹೇಳದೆಯೇ ಮಾವ ಕಣ್ಣು ಮುಚ್ಚಿದ್ದ. ಮಕ್ಕಳಿಬ್ಬರೂ ವಿಲಾ ಪಟ್ಟಣದ ಹಡಗುಕಟ್ಟೆಗೆ ದುಡಿಯಲು ಹೋದರು. ಜಗಳ ಹೆಂಡಿರ ಪಾಲಿಗೆ ಉಳಿಯಿತು. ಓರಗಿತ್ತಿ ಲೇಪಕೋವಾಗೆ ಕಡಲಂಚಿನಲ್ಲಿ ಬೇರೆ ತೋಟವಿತ್ತು. ಆದರೂ ಅವಳ ಕಣ್ಣು ಗುಡ್ಡದ ಮೇಲೇ.

ಮಧ್ಯಾಹ್ನಕ್ಕೆ ಮೂವರೂ ಅತ್ತೆಯ ಹಳೆಯ ಗುಡಿಸಲಲ್ಲಿ ಸೇರಿದರು. ಸೂರು ನೆಲ ಮುಟ್ಟುವ ಆ ಗುಡಿಸಲೊಂದೇ ಅಂಥ ಗಾಳಿಗೆ ಬಗ್ಗದ್ದು. ಲೇಪಕೋವಾಳ ದೊಗಳೆ ಅಂಗಿಯ ತುಂಬ ಬಾಳೆಸೊನೆಯ ಕಲೆ.

"ಏನಕ್ಕಾ, ನನ್ನ ತೋಟದ ತಲೆ ಬೋಳಿಸಿದ್ದು ಯಾರು?"

"ಯಾರ ತೋಟ?"

"ಕಲೆ ನಿನ್ನ ಅಂಗೀಲೇ ಇದೆಯಲ್ಲ!"

"ನಿನ್ನ ಅಂಗೀಲಿ ಸಾವಿನ ಊಟದ ಜಿಡ್ಡಿದೆ. ಹಾಗಂತ ನೀನೇ ಕೊಂದೆ ಅಂದ್ನಾ?"

"ಇಬ್ರೂ ಬಾಯಿ ಮುಚ್ಕೊಳ್ರೇ," ಎಂದಳು ಅತ್ತೆ. "ಗಾಳಿನೂ ಒಂದೆರಡು ಮಾತಾಡ್ಲಿ."

ಗಾಳಿ ಮಾತಾಡಿತು. ಮೊದಲು ತೆಂಗಿನ ಗರಿಗಳು, ಆಮೇಲೆ ತೆಂಗುಗಳೇ ಬಿದ್ದವು. ಸೂರಿನ ಹಗ್ಗಗಳು ನರಳಿದವು. ಲೇಮಾರಾ ಅತ್ತೆಯನ್ನು ತಬ್ಬಿಕೊಂಡಿದ್ದರೂ ಕಣ್ಣನ್ನು ಮಾತ್ರ ಓರಗಿತ್ತಿಯ ಕತ್ತಿಯಿಂದ ತೆಗೆಯಲಿಲ್ಲ.

ಇದ್ದಕ್ಕಿದ್ದಂತೆ ಎಲ್ಲ ನಿಂತಿತು. ಚಂಡಮಾರುತದ ನಡುಗಣ್ಣು ನೆತ್ತಿಯ ಮೇಲೆ ಬಂದಿತ್ತು. ಲೇಪಕೋವಾ ಕತ್ತಿ ಹಿಡಿದು ಹೊರಗೆ ನುಸುಳಿದಳು.

"ಎಲ್ಲಿಗೆ ಹೋದ್ಲತ್ತೆ ಅವಳು?"

"ಹೋಗಲಿ ಬಿಡು," ಎಂದಳು ಅತ್ತೆ.

ಗೆಣಸು ಅಗೆಯಲು ಹೋದಳೆಂದೇ ಲೇಮಾರಾಳ ಎಣಿಕೆ. ಎದ್ದು ಬಾಗಿಲಿಗೆ ಬರುವಷ್ಟರಲ್ಲಿ ಓರಗಿತ್ತಿ ಮೈಯೆಲ್ಲ ಕೆಸರಾಗಿ ವಾಪಸು ಬಂದಳು. ಕೈಯಲ್ಲಿ ಗೆಣಸಿರಲಿಲ್ಲ.

"ಹಗ್ಗ ಆ ಮಗ್ಗುಲಿಗೆ ಬಿಗಿದು ಬಂದೆ. ಗಾಳಿ ಈಗ ತಿರುಗತ್ತೆ. ಏನೇ ಹಾಗೆ ನೋಡ್ತೀಯ?"

ಗಾಳಿ ತಿರುಗಿತು. ಹಗ್ಗ ತಡೆಯಿತು.

ಬೆಳಗ್ಗೆ ನೋಡಿದರೆ ಕಡಲಂಚಿನ ತೋಟವೇ ಇರಲಿಲ್ಲ; ಅಲೆ ಬಂದು ಉಪ್ಪು ಮರಳು ಹಾಸಿ ಹೋಗಿತ್ತು. ಮೂವರೂ ಬುಟ್ಟಿ ಹಿಡಿದು ಗುಡ್ಡ ಹತ್ತಿದರು. ಅಕ್ಕಪಕ್ಕದವರ ತೋಟಗಳೆಲ್ಲ ಬೇರು ಮೇಲಾಗಿ ಬಿದ್ದಿದ್ದವು. ಇದೊಂದೇ ಬೋಳು ತಲೆ ಹೊತ್ತುಕೊಂಡು ನಿಂತಿತ್ತು. ನಮೆಲೆ ಗರಿ ಮಾತ್ರ ಹಾರಿಹೋಗಿ, ನೆಟ್ಟಿದ್ದ ಕುಳಿ ಉಳಿದಿತ್ತು.

"ರೇಡಿಯೋಗಿಂತ ಮೊದಲೇ ನಿನಗೆ ಹೇಗೆ ಗೊತ್ತಾಯ್ತು?"

"ಕಡಲಹಕ್ಕಿ ಗುಡ್ಡ ಹತ್ತಿ ಕೂತಿದ್ವು. ನಿನಗೆ ಸಾವಿನ ಊಟದ ಗಡಿಬಿಡಿ, ಮೇಲೆ ನೋಡ್ಲಿಲ್ಲ."

"ಗರಿ ಯಾಕೆ ನೆಟ್ಟೆ?"

"ಊರವರು ಹೆದರಿ ಕಂಡವರ ಗೆಣಸಿಗೆಲ್ಲ ಕೈ ಹಾಕ್ತಾರೆ ಅಂತ. ಅಲೆ ನನ್ನ ತೋಟ ಬಿಡಲ್ಲ ಅಂತ ನನಗೆ ಗೊತ್ತಿತ್ತಲ್ಲ."

ಅಂದರೆ ಅವಳು ತೋಟ ಉಳಿಸಿದ್ದು ತನ್ನ ಹೊಟ್ಟೆಗೆಂದೇ. ಲೇಮಾರಾ ಕುಳಿಯ ಈಚೆಯೇ ನಿಂತಳು. ಗರಿ ಇಲ್ಲವೆಂದು ಒಳಗೆ ಹೋದರೆ ಹಿರಿಯನ ಮುಂದೆ ಹಂದಿ ಕೇಳುವಳೇ? ಕೇಳಿದರೂ ಕೇಳುವಳು.

ಲೇಪಕೋವಾ ಒಳಹೊಕ್ಕು ಒಂದು ಬುಡ ಕಿತ್ತು, ದಪ್ಪ ಗೆಡ್ಡೆಯೊಂದನ್ನು ಇವಳತ್ತ ಚಾಚಿದಳು. ತೋಟದೊಳಗಿನವರ ಕೈಯಿಂದ ಗೆಣಸು ಇಸಕೊಂಡರೆ ತೋಟ ಅವರದೇ ಎಂದು ಒಪ್ಪಿದಂತೆ. ಲೇಮಾರಾ ಕೈ ಹಿಂದಕ್ಕೆ ಕಟ್ಟಿಕೊಂಡಳು.

"ಕೈಗೆ ಕೊಡ್ಬೇಡ. ನೆಲದ ಮೇಲಿಡು."

"ಅಯ್ಯೋ, ನಿನ್ನ ಹಟವೇ!"

"ನನಗೆ ಹಸಿವಾಗ್ತಿದೆ ಕಣ್ರೇ," ಎಂದಳು ಅತ್ತೆ ಬಿದ್ದ ಮರದ ಮೇಲೆ ಕೂತು.

ಲೇಪಕೋವಾ ನಕ್ಕಳು. ಗೆಡ್ಡೆಯನ್ನು ಕುಳಿಯ ಮೇಲೆ ಅಡ್ಡ ಇಟ್ಟಳು: ಅರ್ಧ ಆಚೆ, ಅರ್ಧ ಈಚೆ.

ಲೇಮಾರಾ ಈಚೆಯ ತುದಿ ಹಿಡಿದು ಎತ್ತಿದಳು. ಉಗುರಿನಿಂದ ಸಿಪ್ಪೆ ಗೀರಿದಳು. ಕೊಳೆತಿರಲಿಲ್ಲ, ಬೆಳ್ಳಗಿತ್ತು.

"ಇನ್ನೂ ನಂಬಿಕೆ ಇಲ್ವಾ?"

"ಗೆಣಸಿನ ಮೇಲೆ ಇದೆ," ಎಂದ ಲೇಮಾರಾ ಬುಟ್ಟಿಯನ್ನು ಕುಳಿಯ ಪಕ್ಕಕ್ಕೆ ತಳ್ಳಿದಳು. "ಇನ್ನೊಂದು ಕೀಳು. ಹೀಗೇ ಇಡು."