ಸುಶಿ ಸುತ್ತಿದ ಬೆರಳು

…ಹೊಳೆಯುವ ಬದಿ ಕೆಳಗೆ, ಒರಟು ಬದಿ ಮೇಲೆ, ಎಂದಳು ಮಗಳು, ಈ ಕಡಲ ಪಾಚಿಯ ಹಾಳೆಯೂ ಒಂದು ಬಗೆಯ ಕಾಗದವೇ, ಕಪ್ಪು, ಗರಿಗರಿ, ಮೂಗಿಗೆ ಹಿಡಿದರೆ ಉಪ್ಪಿನ ವಾಸನೆ — ಮುಟ್ಟಿ ಹೇಳಮ್ಮ ಯಾವ ಕಡೆ ಒರಟು ಅಂತ, ನೀನು ಕಣ್ಣು ಮುಚ್ಕೊಂಡೇ ಹೇಳ್ತಿದ್ದೆಯಲ್ಲ — ಎಡಗೈಯ ತೋರುಬೆರಳನ್ನು ಹಾಳೆಯ ಮೇಲೆ ಎಳೆದೆ, ಏನೂ ಇಲ್ಲ, ಬೇರೆ ಯಾರದೋ ಬೆರಳು, ಓರೆಗಣ್ಣಿನಲ್ಲಿ ಹೊಳಪು ನೋಡಿಕೊಂಡು ಈ ಕಡೆ ಎಂದೆ, ನಂಬಿಬಿಟ್ಟಳು, ಹೆತ್ತ ಮಗಳಿಗೇ ಸುಳ್ಳು, ನಾಚಿಕೆಯಾಗುತ್ತದೆ. ಇಪ್ಪತ್ತೆರಡು ವರ್ಷ ಪುಸ್ತಕ ಕಟ್ಟಿದವಳು, ಮಡಿಕೆಯೊಳಗೆ ಒಂದು ಹಾಳೆ ಹೆಚ್ಚಿದ್ದರೂ ಈ ಬೆರಳು ಹೇಳುತ್ತಿತ್ತು, ಕಾಗದ ಕತ್ತರಿಸುವ ಯಂತ್ರದ ಅಲಗು ಬದಲಿಸುವಾಗ ಜಾರಿತು, ನರ ಹೋಯಿತು, ಹೊಲಿಯುವವಳನ್ನೇ ಹೊಲಿದರು ಡಾಕ್ಟರು, ನರ ಬೆಳೆಯೋದು ಬಸವನಹುಳು ನಡೆದ ಹಾಗೆ ಕಣಮ್ಮ, ಬಂದ್ರೂ ಬರ್ಬಹುದು, ಬರದೇನೂ ಇರ್ಬಹುದು, ಕಾಯ್ಬೇಕು — ಎಷ್ಟು ಕಾಯುವುದು, ನಾಲ್ಕು ತಿಂಗಳಾಯಿತು, ಬೈಂಡಿಂಗ್ ಅಂಗಡಿಯ ಯಜಮಾನರ ಮುಂದೆ, ಬೆರಳಿಗೆ ಸ್ಪರ್ಶ ಬಂತು ಸಾರ್, ಪೂರ್ತಿ ಬಂತು ಎಂದುಬಿಟ್ಟೆ. ಹಾಗಾದ್ರೆ ಸೋಮವಾರ ಬಾ, ಕಣ್ಣು ಕಟ್ಟಿ ಹಾಳೆ ಮುಟ್ಟಿಸ್ತೀನಿ, ಸರಿಯಾಗಿ ಹೇಳಿದ್ರೆ ಹೊಲಿಗೆ ಮೇಜು ನಿಂದೇ, ಇಲ್ಲಾಂದ್ರೆ ಮುಂದೆ ಕೌಂಟರಲ್ಲಿ ಕೂತು ಬಂದವರಿಗೆ ಕುರ್ಚಿ ತೋರ್ಸು — ಇವತ್ತು ಶನಿವಾರ, ನಡುವೆ ಒಂದೇ ಒಂದು ಭಾನುವಾರ, ಕಣ್ಣು ಕಟ್ಟಿದರೆ ಓರೆಗಣ್ಣು ಎಲ್ಲಿಂದ ತರಲಿ.

ಅನ್ನ ಹರಡಮ್ಮ, ಯೋಚನೆ ಮಾಡ್ತಾ ನಿಂತ್ಕೋಬೇಡ — ಹರಡಿದೆ, ಅಂಟಂಟು, ಹದ ಗೋಂದಿನದೇ, ನಾಲ್ಕೂ ಅಂಚಿಗೆ ಮುಟ್ಟುವ ಹಾಗೆ, ಮೂಲೆಯನ್ನೂ ಬಿಡದೆ, ಅಂಚು ಬಿಟ್ಟರೆ ರಟ್ಟು ಏಳುತ್ತದೆ ಎಂದು ಎಷ್ಟು ಜನಕ್ಕೆ ಕಲಿಸಿದ್ದೇನೆ, ಸೌತೆಕಾಯಿ ಇಟ್ಟು, ಮೀನಿನ ಚೂರು ಇಟ್ಟು, ಬಿದಿರಿನ ಚಾಪೆ ಎತ್ತಿ ಸುತ್ತಿದರೆ ಬಾಯಿ ಮುಚ್ಚಲೇ ಇಲ್ಲ, ಅನ್ನ ಎರಡೂ ಕಡೆಯಿಂದ ಹೊರಗೆ ಬಂತು, ಈ ಚಾಪೆ ಸರಿಯಿಲ್ಲ ಎಂದೆ, ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ, ಅಮ್ಮ ಇದು ಪುಸ್ತಕ ಅಲ್ಲ, ಮೇಲ್ಗಡೆ ಒಂದು ಬೆರಳಗಲ ಖಾಲಿ ಬಿಡ್ಬೇಕು, ಆಗ್ಲೇ ಅಂಟೋದು — ಹತ್ತೊಂಬತ್ತು ವರ್ಷದವಳು, ಫೋನಿನಲ್ಲಿ ನೋಡಿ ಕಲಿತದ್ದನ್ನು ನನಗೆ ಹೇಳಿಕೊಡುತ್ತಾಳೆ, ಬೆರಳಿಗೆ ವ್ಯಾಯಾಮ ಆಗುತ್ತದಂತೆ ಅದಕ್ಕೇ ಈ ಜಪಾನಿನ ತಿಂಡಿ ಸುಶಿಯಂತೆ, ಕಳ್ಳಿ, ತಿನ್ನುವ ಆಸೆ ತನಗೆ, ಆದರೂ ನನ್ನ ಕೈಯನ್ನು ಕದ್ದು ಕದ್ದು ನೋಡುತ್ತಲೇ ಇದ್ದಾಳೆ. ಎರಡನೆಯದಕ್ಕೆ ಅಂಚು ಬಿಟ್ಟೆ, ಒದ್ದೆ ಮಾಡಿದೆ, ಪುಸ್ತಕದ ಬೆನ್ನು ದುಂಡಗೆ ಮಾಡುವಾಗಿನ ಹದದಲ್ಲಿ ಒತ್ತಿದೆ, ಕುಳಿತಿತು, ಸುಮ್ಮನೆ ಕುಳಿತಿತು, ಮಗಳು ಚಪ್ಪಾಳೆ ತಟ್ಟಿದಳು.

ಈಗ ಕೊಯ್ಯಬೇಕು, ಚಾಕು ಅಂಟಬಾರದೆಂದು ಬಟ್ಟಲಲ್ಲಿ ನೀರಿಗೆ ವಿನೆಗರ್ ಬೆರೆಸಿಟ್ಟಿದ್ದಾಳೆ, ಒಂದು ತುಂಡು, ಎರಡು, ಮೂರು, ಎಡಗೈ ಅದ್ದಿ ಅನ್ನ ತೊಳೆದುಕೊಳ್ಳೋಣವೆಂದರೆ — ಇದೇನು, ಚುರ್ ಎಂದಿತಲ್ಲ, ಎಲ್ಲಿ, ಯಾವ ಬೆರಳು, ಕೈ ತೆಗೆದೆ, ಅಮ್ಮಾ ರಕ್ತ, ಕುಯ್ಕೊಂಡ್ಯಾ, ತಡಿ ಬ್ಯಾಂಡೇಜ್ ತರ್ತೀನಿ — ಬೇಡ ನಿಲ್ಲು, ನಡುಬೆರಳು ಅದ್ದಿದೆ, ಏನಿಲ್ಲ, ಉಂಗುರಬೆರಳು, ಏನಿಲ್ಲ, ಗಾಯ ತೋರುಬೆರಳಿಗೇ, ಚಾಕು ತಾಗಿದ್ದು ಗೊತ್ತೇ ಆಗಿರಲಿಲ್ಲ, ಅದನ್ನೊಂದೇ ಮತ್ತೆ ಅದ್ದಿದೆ, ಉರಿ, ಆಹಾ ಎಂಥ ಉರಿ, ಬೆರಳ ತುದಿಯವರೆಗೆ, ಉರಿಯತ್ತೇನಮ್ಮ, ಉರಿಯತ್ತೆ ಕಣೇ, ಉರಿಯತ್ತೆ, ನಗುತ್ತಿದ್ದೇನೋ ಅಳುತ್ತಿದ್ದೇನೋ, ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳು ಪುಟ್ಟಿ, ಏನೂ ಗೊತ್ತಾಗ್ತಿರ್ಲಿಲ್ಲ, ಈಗ ಗೊತ್ತಾಗ್ತಿದೆ, ನಂಗೊತ್ತಿತ್ತು ಎಂದಳು ಅವಳು ಮೆಲ್ಲಗೆ, ಎದೆಯ ಮೇಲಿನ ಚಪ್ಪಡಿ ಇಳಿದ ಹಾಗಾಯಿತು, ಸೋಮವಾರ ಯಜಮಾನರಿಗೂ ಹೇಳುತ್ತೇನೆ, ಇನ್ನೂ ಬಂದಿಲ್ಲ ಸಾರ್, ಬರ್ತಾ ಇದೆ, ಬೇಕಾದರೆ ಕುರ್ಚಿ ತೋರಿಸುತ್ತಾ ಕಾಯುತ್ತೇನೆ, ಕಾಯಲು ಈಗ ಭಯವಿಲ್ಲ, ಎತ್ತಮ್ಮ ಕೈ, ತಡಿಯೇ ಇನ್ನೊಂದು ಸಲ, ಅದ್ದಿದೆ, ಉರಿ, ನೀರಿನಲ್ಲಿ ಕೆಂಪು ಎಳೆಯೊಂದು ಬಿಚ್ಚಿಕೊಳ್ಳುತ್ತದೆ, ಇನ್ನೊಂದು ಸಲ, ಉರಿ, ಕೆಂಪು ಎಳೆ, ತೆಳ್ಳಗೆ, ಇನ್ನೊಂದು ಸಲ, ಕೆಂಪು ಎಳೆ —