ಮಾತೃಭಾಷೆ: ಕನ್ನಡ

ಮೇರಿ ಮೇಡಂ ನನ್ನ ಹೆಸರು ಹೇಳಲಿಲ್ಲವಂತೆ. ಅದೇ ಅವರ ದೊಡ್ಡ ಸಮರ್ಥನೆ. ಹೌದಪ್ಪಾ, ಹೆಸರು ಹೇಳಲಿಲ್ಲ, ಒಪ್ಪಿದೆ. ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದರು.

ನಾನು ಜೀವಿತಾ. ಅಪ್ಪನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಮೈಸೂರಿನಿಂದ ತಿರುವನಂತಪುರಕ್ಕೆ ಬಂದವರು ನಾವು, ಮನೆ ಶ್ರೀಕಾರ್ಯಂನಲ್ಲಿ. ನರ್ಸಿಂಗ್ ಕೊನೆಯ ವರ್ಷ ಓದುತ್ತಿದ್ದೇನೆ. ಮುಂದೆ ಎಂ.ಎಸ್ಸಿ.ಗೆ ಮನೋರೋಗ ವಿಭಾಗವೇ ಬೇಕೆಂದು ಹಟ ಹಿಡಿದಾಗ ಅಮ್ಮ, ಅಂಥ ನರ್ಸನ್ನು ಯಾರು ಮದುವೆಯಾಗುತ್ತಾರೆ ಎಂದು ಹಣೆ ಚಚ್ಚಿಕೊಂಡಿದ್ದಳು. ನನ್ನ ಹಟಕ್ಕೆ ಕಾರಣ ಮೇರಿ ಮೇಡಂ, ನಮಗೆ ಆ ವಿಷಯ ಕಲಿಸುವವರು. ಅವರು ಪಕ್ಕದಲ್ಲಿ ಬಂದು ಕೂತರೆ ಸಾಕು, ಕೂಗಾಡುವ ರೋಗಿಯೂ ತಣ್ಣಗಾಗುತ್ತಿದ್ದ. ನಾನೂ ಹಾಗಾಗಬೇಕು ಅಂದುಕೊಂಡಿದ್ದೆ.

ವಾರ್ಡಿಗೆ ಕಾಲಿಟ್ಟ ಮೇಲೆ ಧೈರ್ಯವೆಲ್ಲ ಉಡುಗಿಹೋಯಿತು. ಅಲ್ಲಿ ಚಂದ್ರಾವತಿ ಎಂಬ ಧಾರವಾಡದ ಹೆಂಗಸಿದ್ದರು. ಗಂಡನಿಗೆ ಇಲ್ಲಿ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ. ಮಲಯಾಳಂ ಬಾರದ ಆಕೆ, ನಾನು ಕನ್ನಡದವಳೆಂದು ಗೊತ್ತಾದ ಮೇಲೆ ನನ್ನನ್ನು ಬಿಟ್ಟು ಬೇರೆ ಯಾರ ಜೊತೆಗೂ ಬಾಯಿ ಬಿಡುತ್ತಿರಲಿಲ್ಲ. ಆಕೆಯ ಕಥೆ ಕೇಳಿ ಮನೆಗೆ ಬಂದರೆ ನನಗೆ ಅನ್ನ ಸೇರುತ್ತಿರಲಿಲ್ಲ. ನಾಳೆ ಅದೇ ವಾರ್ಡಿನ ಹಾಸಿಗೆಯಲ್ಲಿ ನಾನೇ ಮಲಗಿರುತ್ತೇನೇನೋ ಎಂದು ಮೈ ನಡುಗುತ್ತಿತ್ತು. ಇಂಥವಳು ಈ ಕೆಲಸಕ್ಕೆ ಲಾಯಕ್ಕೇ? ಮೇರಿ ಮೇಡಂ ಒಬ್ಬರ ಹತ್ತಿರ ಮಾತ್ರ ಹೇಳಿಕೊಂಡು ಅತ್ತೆ. ಅವರು ಉಳ್ಳೂರಿನ ಹೋಟೆಲಿನಲ್ಲಿ ಟೀ ಕೊಡಿಸಿ, ಬೆನ್ನು ಸವರಿ, ಮಗಳನ್ನು ಕರೆಯುವ ಹಾಗೆ ‘ಮೋಳೇ’ ಎಂದು ಕರೆದು, ಇದು ನಮ್ಮಿಬ್ಬರಲ್ಲೇ ಇರಲಿ ಎಂದರು. ನಂಬಿದೆ.

ಹೋದ ವಾರ ಕೊಚ್ಚಿಯಲ್ಲಿ ಸೆಮಿನಾರು. ಇಡೀ ತರಗತಿ ರೈಲಿನಲ್ಲಿ ಹೋಯಿತು. ಮೇಡಂ ಮಾತಾಡಬೇಕಿದ್ದ ವಿಷಯ ನರ್ಸಿಂಗ್ ವಿದ್ಯಾರ್ಥಿಗಳ ಆತಂಕ. ಅವರು ವೇದಿಕೆ ಹತ್ತಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನೇ, ಮಂಕುದಿಣ್ಣೆ. ಪರದೆಯ ಮೇಲೆ ಒಂದು ಕೇಸ್ ಬಂತು. ಕೇಸ್ ಬರೆಯುವ ಕ್ರಮ ನಮಗೆ ಕಲಿಸಿದ್ದು ಅವರೇ: ಹೆಸರಿರಬಾರದು, ಆದರೆ ವಯಸ್ಸು, ಧರ್ಮ, ಮಾತೃಭಾಷೆ ತಪ್ಪದೆ ತುಂಬಬೇಕು. ಮೇಡಂ ಕ್ರಮ ತಪ್ಪಲಿಲ್ಲ. ಮಿಸ್ ಎಕ್ಸ್. ಮಾತೃಭಾಷೆ: ಕನ್ನಡ. ನಮ್ಮ ತರಗತಿಯಲ್ಲಿ ಕನ್ನಡದವಳು ಎಂದರೆ ನಾನೊಬ್ಬಳೇ.

ಒಂದೊಂದಾಗಿ ತಲೆಗಳು ನನ್ನತ್ತ ತಿರುಗಿದವು. ನನ್ನ ನಡುಕ, ಹಾಸಿಗೆಯ ಭಯ, ಅಮ್ಮನ ಜಗಳ, ಎಲ್ಲವೂ ನೀಟಾದ ಇಂಗ್ಲಿಷಿನಲ್ಲಿ ಒಂದರ ಕೆಳಗೊಂದು ಬಂದವು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಪಕ್ಕದಲ್ಲಿದ್ದ ಗೆಳತಿ ಜುಬೈದಾ ಕೈ ಹಿಡಿಯಲು ಬಂದಳು. ಕೊಸರಿಕೊಂಡೆ.

ಊಟದ ಹೊತ್ತಿಗೆ ಮೇಡಂ ಎದುರು ಹೋಗಿ ನಿಂತೆ. ಅವರು ಮೀನಿನ ಸಾರು ಬಡಿಸಿಕೊಳ್ಳುತ್ತಲೇ, ಹೆಸರು ಹೇಳಿಲ್ಲವಲ್ಲ ಎಂದರು. ಇದರಿಂದ ಎಷ್ಟು ಮಕ್ಕಳಿಗೆ ಉಪಕಾರ ಅಂತ ಬೇರೆ.

“ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ ಮೇಡಂ,” ಎಂದೆ.

“ಕೇಳಿದ್ದರೆ ನೀನು ಬೇಡ ಅಂತಿದ್ದೆ, ಮೋಳೇ.”

ವಾಪಸು ರೈಲಿನಲ್ಲಿ ತೀರ್ಮಾನ ಮಾಡಿದೆ, ಈ ವಿಭಾಗದ ಸಹವಾಸವೇ ಬೇಡ, ಮಕ್ಕಳ ವಿಭಾಗ ತೆಗೆದುಕೊಳ್ಳುತ್ತೇನೆ ಎಂದು. ಅಮ್ಮನಿಗೆ ಫೋನ್ ಮಾಡಿ ಹೇಳಿಯೂಬಿಟ್ಟೆ. ಅವಳ ಸಂಭ್ರಮ ಕೇಳಿ ಇನ್ನಷ್ಟು ಉರಿಯಿತು.

ಸೋಮವಾರ ವಾರ್ಡಿಗೆ ಹೋದಾಗ ಚಂದ್ರಾವತಿ ಕಾದು ಕೂತಿದ್ದರು. ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

“ನಿನಗಷ್ಟ ಹೇಳ್ತೀನಿ ತಂಗಿ. ಮತ್ತ್ಯಾರ ಮುಂದೂ ಹೇಳಬ್ಯಾಡ.”

ಹೇಳಲ್ಲ ಎಂದುಬಿಡುವುದು ಎಷ್ಟು ಸುಲಭ! ಟೀ ಕೊಡಿಸಿ ಬೆನ್ನು ಸವರಿದಷ್ಟೇ ಸುಲಭ.

“ಅಮ್ಮಾ, ಗುಟ್ಟಾಗಿ ಇಡ್ತೀನಿ ಅಂತ ಮಾತು ಕೊಡಕ್ಕಾಗಲ್ಲ. ನಿಮ್ಮ ಚಿಕಿತ್ಸೆಗೆ ಬೇಕಾದ್ದನ್ನ ಡಾಕ್ಟರಿಗೆ ಹೇಳಲೇಬೇಕು. ಆದರೆ ಹೇಳೋ ಮುಂಚೆ ನಿಮಗೆ ತಿಳಿಸ್ತೀನಿ. ಅವರನ್ನ ಬಿಟ್ಟು ಬೇರೆ ಯಾರಿಗೂ ಹೇಳಲ್ಲ. ಈಗ ಹೇಳ್ತೀರಾ?”

ಆಕೆ ಕೈ ಬಿಟ್ಟರು.

“ನೀನೂ ಅವರ ಪೈಕಿನ ಆದಿ ಬಿಡು,” ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಕೇಳಿದೆ, ಬೇಡ ಎಂದರು. ಈ ಬೇಡಕ್ಕೆ ಹೆದರಿಯೇ ಮೇಡಂ ನನ್ನನ್ನು ಕೇಳದೆ ಹೋದದ್ದು. ಡ್ಯೂಟಿ ಮುಗಿಯುವವರೆಗೂ ಆಕೆ ಇತ್ತ ತಿರುಗಲಿಲ್ಲ, ನಾನೂ ಅಲ್ಲಿಂದ ಏಳಲಿಲ್ಲ. ಹೊರಗೆ ಬಂದು ಅಮ್ಮನಿಗೆ ಫೋನ್ ಮಾಡಿ, ಮಕ್ಕಳ ವಿಭಾಗದ ಮಾತು ಮರೆತುಬಿಡು ಎಂದೆ.